ಲಿಂಗ ಹಿಡಿಯುವ ಕೈ

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ನಂದಗಡದ ಹತ್ತಿರ ಮೆಣಸಿನಕಾಯಿ ಬೆಳೆಯುತ್ತಾರೆ. ಸ್ನಾನ ಮಾಡಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆ ಮುಗಿಸದೆ ಚಹಾ ಕೂಡ ಕುಡಿದವರಲ್ಲ. ಆ ಕೈಗೆ ಕೀಟನಾಶಕ ತಾಗಬಾರದೆಂಬುದು ಅವರ ಹಟ. ಬಕೆಟ್‌ನಲ್ಲಿ ಔಷಧಿ ಕಲಸುವಾಗ ಬಲಗೈ ಮೊಳಕೈವರೆಗೆ ಮುಳುಗಿರುತ್ತಿತ್ತು, ಎಡಗೈ ಮಾತ್ರ ಬೆನ್ನ ಹಿಂದೆ.

“ಎಡಗೈ ದೇವರಿಗೆ, ಬಲಗೈ ಯಮನಿಗೇನ್ರಿ ಕಾಕಾ?” ಎಂದು ನಾನು ಕಾಡಿಸುತ್ತಿದ್ದೆ.

ಹುಳಕ್ಕೊಂದು ಬಾಟಲಿ, ನುಸಿಗೊಂದು. ಎರಡನ್ನೂ ಒಂದೇ ಬಕೆಟ್‌ಗೆ ಸುರಿಯುವುದು ಅಲ್ಲಿನ ವಾಡಿಕೆ.

“ಒಂದ ಸಲ ಅಡ್ಡಾಡಿದ್ರ ಎರಡೂ ಕೆಲಸ ಮುಗೀತಾವ, ತಂಗಿ,” ಎನ್ನುತ್ತಿದ್ದರು ಕಾಕಾ. ಅಣ್ಣನ ಮಗಳಾದ ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ.

ಹೋದ ಚಳಿಗಾಲದಲ್ಲಿ ನಾನು ಊರಿಗೆ ಹೋದಾಗ, ಕಾಕಾ ಔಷಧಿ ಹೊಡೆದು ಬಂದು ಅಂಗಳದಲ್ಲಿ ಕೂತರು. ಮಟಮಟ ಮಧ್ಯಾಹ್ನ. ಹೊಲದ ಕಡೆಯಿಂದ ಒಂದು ಮಿಡತೆಯ ಸದ್ದೂ ಇರಲಿಲ್ಲ.

“ಇಷ್ಟ ಲಗೂ ಕತ್ತಲಾತಲ್ಲ. ದೀಪ ಹಚ್ಚ್ರಿ,” ಎಂದರು.

ತಮಾಷೆ ಅಂದುಕೊಂಡು ಹತ್ತಿರ ಹೋದೆ. ಕಣ್ಣಿನ ಪಾಪೆ ಸಾಸಿವೆಗಿಂತ ಸಣ್ಣದಾಗಿತ್ತು. ಜೊಲ್ಲು ಸುರಿಯುತ್ತಿತ್ತು. ಅವರು ಮುಖ ಅಲ್ಲಾಡಿಸದಿದ್ದರೂ ಕೆನ್ನೆಯ ಚರ್ಮದ ಕೆಳಗೆ ಏನೋ ಹರಿದಾಡುತ್ತಿತ್ತು. ನನ್ನನ್ನು ಎತ್ತಿ ಆಡಿಸಿದ ಕಾಕಾನನ್ನು ಮುಟ್ಟಲು ಹೆದರಿಕೆಯಾಯಿತು.

ಖಾನಾಪುರ, ದೇಸೂರ ದಾಟಿ ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು.

“ಒಂದು ವಿಷಾನ ಮೈ ಹೊರಗ ಹಾಕಾಕ ನೋಡ್ತದ್ರಿ, ಇನ್ನೊಂದು ವಿಷ ಆ ಬಾಗಲಾನ ಮುಚ್ಚತದ,” ಎಂದರು ಡಾಕ್ಟರು. “ಪೆಟ್ಟು ನರಕ್ಕ ಬೀಳ್ತದ. ಬಾಟಲಿ ಮ್ಯಾಲ ಅದರದರ ವಿಷಯ ಬರದಿರ್ತಾರ. ಎರಡೂ ಕೂಡಿದ್ರ ಏನಾಗತದ ಅಂತ ಎಲ್ಲಿ ಓದ್ತೀರಿ?”

ಸುಧಾರಿಸಿಕೊಳ್ಳಲಿ ಎಂದು ಬೆಳಗಾವಿಯಲ್ಲೇ, ಶಿವಬಸವ ನಗರದ ನಮ್ಮ ಮನೆಯಲ್ಲಿ ಇಟ್ಟುಕೊಂಡೆವು. ಕಾಕಾನ ಹೆಂಡತಿ ಕಾಕು ನೋಡಲು ಬಂದಾಗ ಹೊಲದ ಕೆಂಪು ಮೆಣಸಿನಕಾಯಿಯ ಚೀಲವನ್ನೂ ತಂದಳು. ಮರುದಿನ ಬೆಳಿಗ್ಗೆ ಕಾಕಾ ಪೂಜೆಗೆ ಕೂತರು. ಲಿಂಗ ಅಂಗೈ ಮೇಲೆ ತಾನಾಗಿಯೇ ಜರುಗತೊಡಗಿತು. ಅವರು ರೆಪ್ಪೆ ಮಿಟುಕಿಸದೆ ಅದನ್ನೇ ನೋಡುತ್ತಿದ್ದರು. ಲಿಂಗ ಕೈಜಾರಿದರೆ ಪ್ರಾಣ ಇಟ್ಟುಕೊಳ್ಳಬಾರದೆಂದು ನಂಬಿ ಬೆಳೆದವರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನಡುಗುತ್ತಿದ್ದದ್ದು ಎಡಗೈ.

“ಈ ಕೈಗೆ ನಾ ಎಂದೂ ಔಷಧಿ ಮುಟ್ಟಿಸಿಲ್ಲ, ತಂಗಿ,” ಎಂದರು. ಆ ದನಿಯಲ್ಲಿ ನನ್ನ ಕಾಕಾ ಇರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಲಿಂಗ ಅಂಗೈ ಅಂಚಿಗೆ ಬಂದಿತ್ತು. ಓಡಿಹೋಗಿ ಅವರ ಕೈಯ ಕೆಳಗೆ ನನ್ನ ಕೈಯೊಡ್ಡಿದೆ.

“ಕೈ ಸ್ವಚ್ಛ ಅದ ಇಲ್ಲೊ?” ಎಂದು ಕೇಳಿದರು.

“ಅದ ಕಾಕಾ. ಈಗರ ಜಳಕ ಮಾಡೇನಿ,” ಎಂದೆ.

ಹಿಂದಿನ ಸಂಜೆಯೆಲ್ಲ, ಅವರು ಔಷಧಿ ಹೊಡೆದ ಹೊಲದ ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದ ಕೈ. ಬೆರಳು ಇನ್ನೂ ಉರಿಯುತ್ತಿದ್ದವು.