ನೀರಿನ ಪಾಳಿ ಬಂದಾಗ ಒಡೆಯುತ್ತಿದ್ದ ದನಿ

ದೋರನಹಳ್ಳಿಯಂಥ ಊರಲ್ಲಿ ಮನೆಯೊಳಗೆ ಕುಳಿತು ಕಾಲ್ ಸೆಂಟರ್ ಕೆಲಸ ಮಾಡುವುದು ಎಂದೂ ಆಗದ ಮಾತು ಎಂದವರು ನನ್ನ ಸೋದರಮಾವ ಶರಣಪ್ಪ. ಕಾಲುವೆಯ ಗೇಟು ಕಾಯುವುದು ಅವರ ಕೆಲಸ. "ಕಾಲುವಿ ನೀರೇ ತುದೀಗೆ ನೆಟ್ಟಗ ಮುಟ್ಟಂಗಿಲ್ಲ. ನಿನ್ನ ಮಾತು ಹೈದರಾಬಾದಿಗೆ ಹೆಂಗ ಮುಟ್ತದವಾ ನೀಲಾ?" ಎಂದು ನಕ್ಕಿದ್ದರು.

ಕೋವಿಡ್ ಕಳೆದ ಮರುವರ್ಷ ಅದು. ಶಹಾಪುರದ ಸಣ್ಣ ಕಂಪನಿಯೊಂದರಲ್ಲಿ ನಾನು ನೆಟ್‌ವರ್ಕ್ ಎಂಜಿನಿಯರ್. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೈದರಾಬಾದಿನ ಆಸ್ಪತ್ರೆಯೊಂದಕ್ಕೆ ಬರುವ ಕನ್ನಡದ ಕರೆಗಳನ್ನು ದೋರನಹಳ್ಳಿ, ಹುಣಸಗಿಯ ಹೆಣ್ಣುಮಕ್ಕಳು ತಮ್ಮ ಮನೆಗಳಿಂದಲೇ ಸ್ವೀಕರಿಸಬೇಕಿತ್ತು. ಒಂದು ಕರೆಗೆ ಬೇಕಾಗುವ ಬ್ಯಾಂಡ್‌ವಿಡ್ತ್ ನೂರು ಕೆಬಿಪಿಎಸ್ ಆಸುಪಾಸು. ಮನೆಯ ಫೈಬರ್ ಲೈನಿಗೆ ಅದು ಲೆಕ್ಕಕ್ಕೇ ಇಲ್ಲ. ಬೇಸಿಗೆಯಲ್ಲಿ ಪರೀಕ್ಷಿಸಿದೆವು. ದನಿ ಗಂಟೆ ಹೊಡೆದಂತಿತ್ತು.

ಮಳೆಗಾಲದಲ್ಲಿ ದೂರುಗಳು ಶುರುವಾದವು. ಕರೆಯ ನಡುವೆ ದನಿ ಚೂರುಚೂರು. ತಾಂತ್ರಿಕವಾಗಿ ಇದು ಜಿಟರ್. ಮಾತಿನ ತುಣುಕುಗಳು ಒಂದೇ ಲಯದಲ್ಲಿ ತಲುಪದೆ ಕೆಲವು ಬೇಗ, ಕೆಲವು ತಡವಾಗಿ ಬೀಳುವುದು. ಈ ವಾರ ದೋರನಹಳ್ಳಿ ಕೆಟ್ಟರೆ ಮುಂದಿನ ವಾರ ಹುಣಸಗಿ. ಆಗ ದೋರನಹಳ್ಳಿ ತಾನಾಗಿಯೇ ಸರಿ! ಹೆಡ್‌ಸೆಟ್ ಬದಲಿಸಿದೆ, ರೂಟರ್ ಬದಲಿಸಿದೆ, ಕರೆಂಟಿನ ಮೇಲೆ ಅನುಮಾನಪಟ್ಟೆ. ಏನೂ ತಿಳಿಯಲಿಲ್ಲ. ನಾನು ಓದಿದ್ದೆಲ್ಲ ಸುಳ್ಳೇನೋ ಅನಿಸತೊಡಗಿತು. ಕರೆಯ ಗುಣಮಟ್ಟ, ಭದ್ರತೆ ಎರಡನ್ನೂ ಪರೀಕ್ಷಿಸುವ ಆಡಿಟ್‌ನಲ್ಲಿ ಪಾಸಾಗದಿದ್ದರೆ ಕೆಲಸ ಬೇರೆ ಊರಿಗೆ ಹೋಗುತ್ತದೆ ಎಂದು ಆಸ್ಪತ್ರೆಯವರು ತಿಳಿಸಿದರು.

ಕೊನೆಗೆ ದೋರನಹಳ್ಳಿಯ ಮಹಾದೇವಿಯ ಮನೆಯಲ್ಲಿ ಹೋಗಿ ಕುಳಿತೆ. ಕರೆ ಸ್ವೀಕರಿಸುವ ನಮ್ಮ ಏಜೆಂಟರಲ್ಲೇ ಚುರುಕಾದವಳು. ಬೆಳಿಗ್ಗೆ ಎಲ್ಲ ಸರಿಯಿತ್ತು. ಊಟದ ಹೊತ್ತಿಗೆ ಜಿಟರ್ ಏರಿತು. ಹೊರಗೆ ಗದ್ದಲ. ನೋಡಿದರೆ ಮನೆಮುಂದಿನ ಕಟ್ಟೆಯ ತುಂಬ ಮಂದಿ, ಎಲ್ಲರ ಕೈಯಲ್ಲೂ ವಿಡಿಯೋ ಕಾಲ್.

"ಗೇಟ್ ಎತ್ಯಾನೇನೋ? ನಿನ್ನ ಮಾರಿ ಯಾಕ ತೋರಸ್ತಿ, ನೀರು ತೋರ್ಸು!" ಎಂದು ಒಬ್ಬ ಮೇಲಿನ ಊರಿನವನಿಗೆ ಫೋನಿನಲ್ಲಿ ಕೂಗುತ್ತಿದ್ದ.

ಅಂದು ಆ ಊರಿಗೆ ಕಾಲುವೆ ನೀರಿನ ಪಾಳಿ. ಮೇಲಿನ ಊರಿನವರ ಬಾಯಿಮಾತನ್ನು ಕೆಳಗಿನವರು ನಂಬುವುದಿಲ್ಲ. ನೀರು ಕಣ್ಣಿಗೆ ಕಾಣಬೇಕು. ಹುಣಸಗಿಯಲ್ಲೂ ಇದೇ ಕಥೆಯೆಂದು ಆಮೇಲೆ ತಿಳಿಯಿತು. ಬೇಸಿಗೆಯಲ್ಲಿ ಕಾಲುವೆಯೇ ಬಂದ್. ಹಾಗಾಗಿ ನಮ್ಮ ಪರೀಕ್ಷೆಗೆ ಇದು ಸಿಕ್ಕಿರಲೇ ಇಲ್ಲ.

"ಇವರಿಗೆಲ್ಲ ವೈಫೈ ಪಾಸ್‌ವರ್ಡ್ ಕೊಟ್ಟೀಯೇನು?" ಎಂದು ಮಹಾದೇವಿಯನ್ನು ಕೇಳಿದೆ.

ಅವಳ ಮುಖ ಬಾಡಿತು. "ನೀರು ಬಂತೇನಂತ ಕೇಳಾಕ ಬಂದವರಿಗೆ ಇಲ್ಲ ಅಂತ ಹೆಂಗ ಅನ್ಲಿ ಅಕ್ಕಾ? ನಾಳೆ ಇದ ಊರಾಗ ಬಾಳೇ ಮಾಡಬೇಕಲ್ಲ."

ರೋಗಿಗಳ ವಿವರ ಹರಿಯುವ ಲೈನು ಅದು. ಪಾಸ್‌ವರ್ಡ್ ಹಂಚಿದವರನ್ನು ಕೆಲಸದಿಂದ ತೆಗೆಯಬೇಕೆಂಬುದು ನಿಯಮ. ಅಂದೇ ಪಾಸ್‌ವರ್ಡ್ ಬದಲಿಸಿದೆ. ಮರುದಿನ ಮಂದಿ ಹೊಸ ಪಾಸ್‌ವರ್ಡ್ ಕೇಳುತ್ತ ಹೊಸ್ತಿಲಿಗೇ ಬಂದು ಕುಳಿತರು. ಅವಳ ಅತ್ತೆ ನನ್ನತ್ತ ತಿರುಗಿ, "ಓಣಿ ಮಂದೀನ ಎದುರಿಗೆ ಹಾಕ್ಕೊಂಡು ಮಾಡೋ ನೌಕರಿ ನಮಗ ಬ್ಯಾಡವಾ, ನೀನ ಇಟ್ಕೋ" ಎಂದಳು. ನಿಯಮ ಹಿಡಿದರೂ ಮಹಾದೇವಿಯ ಕೆಲಸ ಹೋಗುತ್ತಿತ್ತು, ಬಿಟ್ಟರೂ ಹೋಗುತ್ತಿತ್ತು.

ಆಸ್ಪತ್ರೆಯವರಿಗೆ ನಡೆದದ್ದನ್ನು ಬರೆದು, ಸರಿಪಡಿಸಲು ಆಡಿಟ್‌ವರೆಗೆ ಅವಕಾಶ ಕೇಳಿದೆ, ಕೊಟ್ಟರು. ಎಲ್ಲ ಮನೆಗಳ ರೂಟರಿನಲ್ಲೂ ಎರಡು ಪ್ರತ್ಯೇಕ ನೆಟ್‌ವರ್ಕ್ ಮಾಡಿದೆ. ಒಂದು, ಆಸ್ಪತ್ರೆಯ ಕರೆಗಳಿಗೆ ಮಾತ್ರ. ಅದರ ದನಿಗೆ ಮೊದಲ ಹಾದಿ, ಅದರ ಪಾಸ್‌ವರ್ಡ್ ಏಜೆಂಟರಿಗೂ ತಿಳಿಯದು. ಇನ್ನೊಂದು, ಓಣಿಯ ಮಂದಿಗೆ; ಅದಕ್ಕೆ ಲೈನಿನ ಸಣ್ಣ ಪಾಲು. ಅಲ್ಲಿಂದ ಇಲ್ಲಿಗೆ ದಾರಿಯಿಲ್ಲ.

ಆಡಿಟರ್ ಬಂದದ್ದು ಪಾಳಿಯ ದಿನವೇ. ಕಟ್ಟೆ ತುಂಬಿತ್ತು. ಅವರು ಕಟ್ಟೆಯವರೊಬ್ಬರ ಮೊಬೈಲಿನಿಂದಲೇ ನಮ್ಮ ಲೈನಿಗೆ ನುಗ್ಗಲು ನೋಡಿದರು, ಆಗಲಿಲ್ಲ. ಒಳಗೆ ಮಹಾದೇವಿ ಸುರಪುರದ ಅಜ್ಜಿಯೊಬ್ಬಳಿಗೆ ಡಾಕ್ಟರ ಸಮಯ ಹೇಳುತ್ತಿದ್ದಳು. ಒಂದಕ್ಷರವೂ ಒಡೆಯಲಿಲ್ಲ.

ಜನ ಹೇಗೆ ಬದುಕುತ್ತಾರೋ ಅದನ್ನು ಹೊರಗಿಟ್ಟು ಹಾಕಿದ ಪ್ಲಾನು ಕಾಗದದ ಮೇಲೆ ಮಾತ್ರ ಓಡುತ್ತದೆ. ಇದನ್ನು ನನಗೆ ಕಲಿಸಿದ್ದು ಈ ಕೆಲಸ.

ಆಡಿಟ್ ಪಾಸಾಯಿತು; ಶಹಾಪುರದ ಆಫೀಸಿನಲ್ಲಿ ಭದ್ರತಾ ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟರು. ನಾನದನ್ನು ಮಹಾದೇವಿಯ ಕೈಗಿತ್ತೆ. ಮಾವ ಹಿಂದೆ ನಿಂತಿದ್ದರು. ಏನು ಮಾಡಿದೆ ಎಂದು ಕೇಳಿದರು, ವಿವರಿಸಿದೆ. ಟವೆಲ್ಲಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಇಷ್ಟೆಲ್ಲಾ ಓದಿ ಕಡೀಕ ನೀನೂ ಗೇಟ್ ಕಾಯಾಕಿನೇ ಆದೆಲ್ಲವಾ!"