ಸಿಂಬಿ ಹೆಲಿಕಾಪ್ಟರಿನ ಜೊತೆ ಬಂದವಳು

ರಾಮನಗರ ಜಿಲ್ಲೆಗೆ ಕಾಲಿಟ್ಟ ದಿನ ನನ್ನ ಹೆಸರನ್ನು ಯಾರೂ ಕೇಳಲಿಲ್ಲ. ಮಾಗಡಿ ರಸ್ತೆಯಲ್ಲಿ ನಮ್ಮ ಜೀಪಿಗೆ ಅಡ್ಡ ಬಂದು ನಿಂತ ಯಜಮಾನರೊಬ್ಬರು ಕಿಟಕಿಯೊಳಗೆ ತಲೆ ತೂರಿಸಿ ಕೇಳಿದ್ದು ಒಂದೇ ಮಾತು. "ಚಿನ್ನ ಎಷ್ಟು ಅಡಿಗೆ ಐತೆ?" ಚಿನ್ನ ಇಲ್ಲ ಯಜಮಾನ್ರೆ, ನಾವು ಹುಡುಕುತ್ತಿರುವುದು ನೀರಿನ ದಾರಿ ಎಂದೆ. ಅವರು ತಲೆ ಎತ್ತಿ ಆಕಾಶ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ನೀರು ಹುಡುಕಲು ಯಾವ ಸರ್ಕಾರ ಇಷ್ಟು ಖರ್ಚು ಮಾಡುತ್ತದೆ, ನಮಗೇನು ಕಿವಿ ಮೇಲೆ ಹೂ ಇಡುತ್ತೀಯಾ ಎಂಬರ್ಥದ ಏನನ್ನೋ ಗೊಣಗಿ ಪಕ್ಕಕ್ಕೆ ಸರಿದರು.

ಮೇಲೆ ನಮ್ಮ ಹೆಲಿಕಾಪ್ಟರ್ ಹಾರುತ್ತಿತ್ತು. ಅದರ ಹೊಟ್ಟೆಯಿಂದ ಉದ್ದನೆಯ ಹಗ್ಗ ಇಳಿಬಿದ್ದಿತ್ತು, ಹಗ್ಗದ ತುದಿಯಲ್ಲಿ ಒಂದು ಮನೆಯ ಅಗಲದ ಉಂಗುರ. ಕೊಡ ಹೊರುವ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿಗೆ ಸಿಂಬಿ ಅನ್ನುತ್ತಾರಲ್ಲ, ಈ ಕಡೆಯವರು ಅದೇ ಹೆಸರಿಟ್ಟರು. ಎರಡೇ ದಿನದಲ್ಲಿ ಕನಕಪುರದಿಂದ ಚನ್ನಪಟ್ಟಣದವರೆಗೆ ಎಲ್ಲರ ಬಾಯಲ್ಲೂ ಅದು ಸಿಂಬಿ ಹೆಲಿಕಾಪ್ಟರ್ ಆಯಿತು. ಒಪ್ಪಿಕೊಳ್ಳುತ್ತೇನೆ, ನಮ್ಮ ಸಂಸ್ಥೆ ಇಟ್ಟ ಹೆಸರಿಗಿಂತ ಅದು ಎಷ್ಟೋ ವಾಸಿ. ಈ ಜನರ ಬಗ್ಗೆ ನಾನು ಆಡುವ ಒಳ್ಳೆಯ ಮಾತುಗಳು ಮುಂದೆ ಕಡಿಮೆ ಇರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ನಮ್ಮ ಇಂಡಿ, ಸಿಂದಗಿ ಕಡೆಯ ಓದುಗರಿಗೆ ಈ ಕೆಲಸವೇನೆಂದು ಹೇಳಬೇಕು. ಆ ಉಂಗುರದಲ್ಲಿ ವಿದ್ಯುತ್ ಹರಿಸಿ ತಟ್ಟನೆ ನಿಲ್ಲಿಸುತ್ತಾರೆ. ಆಗ ನೆಲದೊಳಗೆ ಒಂದು ಸಣ್ಣ ವಿದ್ಯುತ್ ಹುಟ್ಟಿ ಆರಿಹೋಗುತ್ತದೆ. ಅದು ಆರುವ ಬಗೆಯನ್ನು ಮೇಲಿನ ಯಂತ್ರ ದಾಖಲಿಸಿಕೊಳ್ಳುತ್ತದೆ. ಗಟ್ಟಿ ಬಂಡೆಯಾದರೆ ಬೇಗ ಆರುತ್ತದೆ. ಜೇಡಿಮಣ್ಣು, ಬಿರುಕಿನಲ್ಲಿ ನಿಂತ ನೀರು, ಉಪ್ಪುನೀರು, ಇವುಗಳಲ್ಲಿ ನಿಧಾನವಾಗಿ ಆರುತ್ತದೆ. ಹೊಲ ಉಳುವ ಹಾಗೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಹಾರಿದರೆ ಕಣ್ಣಿಗೆ ಕಾಣದ ನೆಲದ ಚಿತ್ರ ಸಿಗುತ್ತದೆ. ನಕ್ಷೆಯಲ್ಲಿ ಗಟ್ಟಿ ಬಂಡೆ ನೀಲಿ, ಒದ್ದೆ ನೆಲ ಕೆಂಪು. ನಾನು ಹೆಲಿಕಾಪ್ಟರಿನಲ್ಲಿ ಒಮ್ಮೆಯೂ ಕೂತವಳಲ್ಲ. ನಕ್ಷೆಯಲ್ಲಿ ಎಲ್ಲಾದರೂ ಅನುಮಾನದ ಕಲೆ ಬಿದ್ದರೆ ಆ ಜಾಗಕ್ಕೆ ಹೋಗಿ, ಅದು ನಿಜವಾಗಿ ನೆಲದ್ದೋ ಅಥವಾ ಕರೆಂಟ್ ತಂತಿ, ತಗಡಿನ ಶೆಡ್ಡಿನಿಂದ ಯಂತ್ರಕ್ಕಾದ ಗಲಾಟೆಯೋ ಎಂದು ನೋಡಿಬರುವುದು ನನ್ನ ಪಾಲಿನ ಕೆಲಸ.

ಇನ್ನು ಮನೆ. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದು ಆಮೇಲೆ ತಿಳಿಯುತ್ತದೆ. ಮಾಗಡಿ ಬಸ್ಸಿನ ದಾರಿಯಲ್ಲಿರುವ ಒಂದು ಹಳ್ಳಿ ಎಂದುಕೊಳ್ಳಿ. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಕೊಡಬೇಕಾದರೆ ಇಲ್ಲಿನವರು ಮೊದಲು ಜಾತಿ ಕೇಳುತ್ತಾರೆ, ಆಮೇಲೆ ಗಂಡನನ್ನು ಕೇಳುತ್ತಾರೆ, ಕೊನೆಗೆ ಮನೆ ಖಾಲಿಯಿಲ್ಲ ಎನ್ನುತ್ತಾರೆ. ನಮ್ಮ ಕಡೆ ಕೇಳುವುದಿಲ್ಲವೇ? ಕೇಳುತ್ತಾರೆ. ಆದರೆ ಕೂರಿಸಿ, ಚಹಾ ಕೊಟ್ಟು, ಆಮೇಲೆ ಅವಮಾನ ಮಾಡುತ್ತಾರೆ. ಇಲ್ಲಿ ಗೇಟಿನ ಹೊರಗೇ ಎಲ್ಲ ಮುಗಿಯುತ್ತದೆ. ಕೊನೆಗೆ ಪುಟ್ಟಸ್ವಾಮಣ್ಣ ಎಂಬವರು ಮಹಡಿಯ ಮೇಲಿನ ಮನೆ ಕೊಟ್ಟರು. ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದವರು, ಈಗ ಸೈಟುಗಳ ದಲ್ಲಾಳಿ. ಅವರ ಹೆಂಡತಿ ಜಯಮ್ಮ ಮಾತ್ರ ಈಗಲೂ ಹುಳು ಬಿಟ್ಟಿಲ್ಲ, ಮನೆಯ ಹಿಂದಿನ ಶೆಡ್ಡಿನಲ್ಲಿ ತಟ್ಟೆಗಟ್ಟಲೆ ಹುಳು.

ಭಾಷೆಯ ಕಥೆ ಕೇಳಿದರೆ ನಿಮಗೆ ಸಿಟ್ಟು ಬರುತ್ತದೆ. ಅಂಗಡಿಯಲ್ಲಿ ನಾನು ಬಾಯಿ ಬಿಟ್ಟ ಕೂಡಲೇ ಅಂಗಡಿಯವನು "ನೀವು ಮಹಾರಾಷ್ಟ್ರದೋರಾ?" ಎಂದ. ಕನ್ನಡದಲ್ಲಿ ಸಕ್ಕರೆ ಕೇಳಿದವಳಿಗೆ! ಇವರು 'ಬಂದ್ಬುಟ್ಟ', 'ಹೋಗ್ಬುಟ್ಟ' ಎಂದು ಪದಗಳ ಕತ್ತು ಹಿಸುಕುತ್ತಾರೆ, ಸ್ವಲ್ಪ ಅನ್ನಲು 'ಒಸಿ' ಅನ್ನುತ್ತಾರೆ, ಆದರೆ ನಾನು 'ಹೌದಲ್ರೀ' ಅಂದರೆ ಇವರಿಗೆ ನಗು. ಬಸ್ಸಿನಲ್ಲಿ ಕಾಲೇಜು ಹುಡುಗಿಯರು ನನ್ನ ಮಾತನ್ನು ಅಣಕಿಸಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಆರು ತಿಂಗಳು ಹಟ ಹಿಡಿದೆ. ಆಮೇಲೆ ಆಟೋದವರ ಹತ್ತಿರ ಜಗಳವಾಡುವ ಅನುಕೂಲಕ್ಕಾಗಿ ಒಂದೊಂದೇ 'ಐತೆ', 'ಬತ್ತೀನಿ' ಕಲಿತೆ.

ಊಟದ ವಿಷಯದಲ್ಲಿ ನಾನು ಸೋತಿದ್ದು ಇನ್ನೂ ಬೇಗ. ರೊಟ್ಟಿ ತಟ್ಟುವ ಸದ್ದು ಕೇಳಿ ಬೆಳೆದವಳಿಗೆ ಈ ರಾಗಿ ಮುದ್ದೆ ಎಂಥ ಊಟ? ಅಗಿಯುವ ಹಾಗಿಲ್ಲ, ನುಂಗಬೇಕು. ಹಲ್ಲು ಯಾಕೆ ಕೊಟ್ಟ ದೇವರು ಎಂದು ಜಯಮ್ಮನವರ ಎದುರಿಗೇ ಕೇಳಿದ್ದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಸೊಪ್ಪು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಬಸ್ಸಾರನ್ನು ಬಟ್ಟಲಲ್ಲಿ ತುಂಬಿ ಮೇಲಕ್ಕೆ ಕಳಿಸಿದರು. ನಾನದನ್ನು ಜೋಳದ ರೊಟ್ಟಿ ಅದ್ದಿಕೊಂಡು ತಿಂದೆ, ಬಟ್ಟಲು ನೆಕ್ಕುವುದೊಂದು ಬಾಕಿ. ಅಲ್ಲಿಂದ ದಿನಕ್ಕೊಂದು ಬಟ್ಟಲು ಮೇಲೆ ಬರತೊಡಗಿತು. ಪ್ರತಿಯಾಗಿ ನಾನು ಶೇಂಗಾ ಚಟ್ನಿಪುಡಿ ಕೆಳಗೆ ಕಳಿಸಿದೆ. ನನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದವರು ಅವರೇ. ನಮ್ಮ ಕಚೇರಿಯವರಿಗೆ ನಾನು ಬದುಕಿದ್ದೇನೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ.

ಕಚೇರಿಯ ಮಾತು ಬಂದಿತು, ಆಡಿಯೇಬಿಡುತ್ತೇನೆ. ಬೆಂಗಳೂರಿನ ತಂಪು ಕೋಣೆಯಲ್ಲಿ ಕೂತ ನಮ್ಮ ಸಾಹೇಬರು ಈ ನೆಲವನ್ನು ಮೆಟ್ಟಿದ್ದು ಒಂದೇ ಸಲ. ಹೊಸ ಬೂಟು ಹಾಕಿಕೊಂಡು ಬಂದು, ಬೆಟ್ಟದ ಬುಡದಲ್ಲಿ ಹೆಲಿಕಾಪ್ಟರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಎಳನೀರು ಕುಡಿದು ಹೋದರು. ನಕ್ಷೆ ಅವರಿಗೆ ಗೋಡೆಗೆ ಅಂಟಿಸುವ ಬಣ್ಣದ ಕಾಗದ. ಬಣ್ಣ ಚೆನ್ನಾಗಿ ಬಂದರೆ ಕೆಲಸ ಚೆನ್ನಾಗಿ ಆದಂತೆ.

ಹೀಗಿರುವಾಗ ನಮ್ಮ ಹಳ್ಳಿಯ ಪಕ್ಕದಲ್ಲೇ ಒಂದು ಕಲೆ ಬಿತ್ತು. ಸುತ್ತ ಎಲ್ಲೆಲ್ಲೂ ಗಟ್ಟಿ ಬಂಡೆಯ ನೀಲಿ, ನಡುವೆ ಕೆಂಡದಂಥ ಕೆಂಪು, ಅಂಚು ಕತ್ತರಿಸಿದ ಹಾಗೆ ನೇರ. ನೆಲದ ಬಿರುಕು ಹೀಗಿರುವುದಿಲ್ಲ, ಉದ್ದಕ್ಕೆ ಎಳೆಯಾಗಿ ಹೋಗುತ್ತದೆ. ಹೋಗಿ ನೋಡಿದರೆ ಹೊಸ ಲೇಔಟು. ಬಣ್ಣ ಬಳಿದ ಕಮಾನು, ಬಾಯಿಗೆ ಬಾರದ ಇಂಗ್ಲಿಷ್ ಹೆಸರು, ಕೆಂಪು ಮಣ್ಣು ಹಾಸಿ ಕಲ್ಲು ನೆಟ್ಟ ಸೈಟುಗಳು, ಪಾರ್ಕು ಅನ್ನಲು ಒಂದು ಜೋಕಾಲಿ. ದೀಪದ ಕಂಬಕ್ಕೆಂದು ತೋಡಿದ ಗುಂಡಿಯಲ್ಲಿ ಕಪ್ಪು ನೀರು ನಿಂತಿತ್ತು. ಬಗ್ಗಿದರೆ ಕೊಳೆತ ನಾತ. ಗುಂಡಿಯ ಗೋಡೆಯಲ್ಲಿ ಪ್ಲಾಸ್ಟಿಕ್ ಚೀಲಗಳು ನಾಲಿಗೆ ಚಾಚಿಕೊಂಡಿದ್ದವು. ಬಂಡೆ ತೆಗೆದು ಬಿಟ್ಟುಹೋದ ಕಲ್ಲು ಕ್ವಾರಿಗೆ ಎಲ್ಲಿಂದಲೋ ಕಸ ತಂದು ತುಂಬಿ, ಮೇಲೆ ಒಂದು ಪದರ ಮಣ್ಣು ಎಳೆದು, ಸೈಟು ಮಾಡಿ ಮಾರುತ್ತಿದ್ದರು. ಅಂಥ ನೆಲ ವರ್ಷಗಟ್ಟಲೆ ಕುಸಿಯುತ್ತದೆ. ನಕ್ಷೆಯಲ್ಲಿ ಕೆಂಪಾಗಿ ಕಂಡ ಅದರ ಕೊಳೆನೀರು ಬಂಡೆಯ ಸಂದಿಯಲ್ಲಿಳಿದು ಬೋರಿಗೆ ಸೇರುತ್ತದೆ.

ಸಾಹೇಬರಿಗೆ ಬರೆದೆ. ಉತ್ತರ ಬಂದಿತು: ನಮ್ಮದು ಅಂತರ್ಜಲದ ನಕ್ಷೆ, ಲೇಔಟು ನಮ್ಮ ವಿಷಯವಲ್ಲ, ಪಕ್ಕದಲ್ಲಿ ಕರೆಂಟ್ ಲೈನು ಇದ್ದರೆ ಆ ಕಲೆಯನ್ನು ಗಲಾಟೆ ಎಂದು ಗುರುತು ಹಾಕಿ. ಲೈನು ಇರಲಿಲ್ಲ, ಗುರುತೂ ಹಾಕಲಿಲ್ಲ. ವರದಿ ಹೊರಬರುವುದು ಯಾವಾಗ ಎಂದು ಕೇಳಿದ್ದಕ್ಕೆ ಉತ್ತರವೇ ಇಲ್ಲ.

ದೊಡ್ಡ ಸುದ್ದಿ ಹೊತ್ತವಳಂತೆ ಕೆಳಗಿಳಿದು ಪುಟ್ಟಸ್ವಾಮಣ್ಣನವರಿಗೆ ಹೇಳಿದೆ. ಆ ಲೇಔಟಿನ ಸೈಟುಗಳನ್ನು ಮಾರಿಸುತ್ತಿದ್ದವರು ಅವರೇ, ಪಾಪ ಅವರಿಗೂ ಯಾರೋ ಟೋಪಿ ಹಾಕಿದ್ದಾರೆ ಎಂಬುದು ನನ್ನ ಲೆಕ್ಕ. ಅವರು ಕಾಫಿ ಲೋಟ ಕೆಳಗಿಡಲಿಲ್ಲ.

"ಗೊತ್ತು ಕಣವ್ವ. ನಾವು ಎಮ್ಮೆ ತೊಳೀತಿದ್ದ ಗುಂಡಿ ಅದು. ಊರ್ನೋರು ಒಬ್ರಾದ್ರೂ ಅಲ್ಲಿ ಸೈಟ್ ತಕೊಂಡವ್ರಾ, ನೋಡು."

ಜಯಮ್ಮನವರ ಕಡೆ ತಿರುಗಿದೆ. ಅವರು ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದರು, ತಲೆ ಎತ್ತದೆ ಹೇಳಿದರು. "ನೀನು ಒಂದ್ಸಲ ಕೇಳ್ದಾಗ ನಾನೇ ಬ್ಯಾಡ ಅಂದಿರ್ಲಿಲ್ವಾ?"

ಅಂದಿದ್ದರು. ಕಳೆದ ವರ್ಷ ನಾನೂ ಒಂದು ಸೈಟು ನೋಡಲೇ ಎಂದು ತಮಾಷೆಗೆ ಕೇಳಿದಾಗ, ಅಲ್ಲಿ ನೀರಿಗೆ ತೊಂದರೆ ಎಂದು ತಳ್ಳಿಹಾಕಿದ್ದರು. ನನ್ನ ಸಂಸ್ಥೆ ಹೆಲಿಕಾಪ್ಟರ್ ಹಾರಿಸಿ ಕಂಡುಹಿಡಿದದ್ದು ಇಡೀ ಊರಿಗೆ ಗೊತ್ತಿತ್ತು. ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡು, ದಾರಿಹೋಕರು ಬಂದು ಬೀಳಲಿ ಎಂದು ಕಮಾನಿಗೆ ಬಣ್ಣ ಬಳಿದು ಕೂತಿತ್ತು. ಈ ಜನರನ್ನು ನಾನು ಅಲ್ಲಿಯವರೆಗೆ ಒರಟರು ಎಂದು ಮಾತ್ರ ತಿಳಿದಿದ್ದೆ. ಅವತ್ತು ಅಸಹ್ಯವಾಯಿತು. ಬಸ್ಸಾರಿನ ಬಟ್ಟಲು ಅಂದೂ ಮೇಲೆ ಬಂತು, ಅದನ್ನು ತಿಂದ ನನ್ನ ಮೇಲೂ ಅಷ್ಟೇ ಅಸಹ್ಯವಾಯಿತು.

ಮುಂದಿನ ಭಾನುವಾರ ಗಿರಾಕಿಗಳು ಬಂದರು. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗ, ಅವನ ಹೆಂಡತಿ, ಕಂಕುಳಲ್ಲಿ ಕೂಸು. ಅವರ ಮಾತು ಮಹಡಿಗೆ ಕೇಳಿತು, ನನ್ನ ಕಿವಿ ನೆಟ್ಟಗಾಯಿತು. ಬಾದಾಮಿ ಕಡೆಯ ಮಾತು. ಬೈಕಿನಲ್ಲಿ ಬಂದಿದ್ದರು, ಸೈಟು ನೋಡಿ ಒಪ್ಪಿಯೂ ಆಗಿತ್ತು, ಮಾರನೆಯ ದಿನವೇ ಮುಂಗಡ ಕೊಡುವವರಿದ್ದರು. ಪುಟ್ಟಸ್ವಾಮಣ್ಣ ಲೇಔಟಿನ ಮಾಲೀಕನಿಗೆ ಫೋನ್ ಮಾಡಲು ಒಳಗೆ ಹೋದರು. ಗಂಡ ಹೆಂಡತಿ ಹೊಂಗೆ ಮರದ ಕೆಳಗೆ ಬೈಕಿನ ಹತ್ತಿರ ನಿಂತಿದ್ದರು.

ನಾನು ಇಳಿದು ಹೋಗಿ, ಈ ಸೈಟು ಬೇಡ, ಕೆಳಗೆಲ್ಲ ಕಸ ತುಂಬೈತೆ ಎಂದು ಈ ಊರಿನ ಮಾತಿನಲ್ಲೇ ಹೇಳಿದೆ. ಹುಡುಗ ಬಿಗಿಯಾದ. ಈ ಕಡೆ ಯಾವ ಲೇಔಟಿಗೆ ಹೋದರೂ ಊರಿನವರೊಬ್ಬರು ಬಂದು ಇದು ಬೇಡ ಅನ್ನುತ್ತಾರೆ, ಆಮೇಲೆ ತಮ್ಮವರ ಸೈಟು ತೋರಿಸುತ್ತಾರೆ, ಇಂಥ ಆಟವನ್ನು ಅವನು ಬೇಕಾದಷ್ಟು ನೋಡಿದ್ದನಂತೆ. ನಿಮ್ಮ ಮಂದಿಯದು ಯಾವ ಸೈಟು ಮಾರಬೇಕಾಗಿದೆ, ಅದನ್ನು ನೇರವಾಗಿ ಹೇಳಿಬಿಡಿ ಎಂದ. ನಿಮ್ಮ ಮಂದಿ! ಎರಡು ವರ್ಷ ಮಹಾರಾಷ್ಟ್ರದವಳು ಎನಿಸಿಕೊಂಡು ಬದುಕಿದವಳನ್ನು ನನ್ನ ಸೀಮೆಯ ಹುಡುಗನೇ ಈ ಊರಿನ ಕಳ್ಳರ ಗುಂಪಿಗೆ ಸೇರಿಸಿದ್ದ. ನನಗೆ ಎಲ್ಲಿತ್ತೋ ಸಿಟ್ಟು.

"ತಮ್ಮಾ, ನಾ ಇಂಡಿ ತಾಲೂಕದಾಕಿ. ಭೂಮಿ ಒಳಗ ಏನೈತಿ ಅಂತ ನೋಡೂದು ನನ್ನ ಕೆಲಸ. ಅಲ್ಲಿ ಕಲ್ಲಿನ ಖಣಿ ಇತ್ತು, ಅದರಾಗ ಹೊಲಸು ತುಂಬ್ಯಾರ. ಮನಿ ಕಟ್ಟು, ಗ್ವಾಡಿ ಸೀಳ್ತಾವ. ಬೋರ್ ಹೊಡಸು, ಆ ನೀರ ನಿನ್ನ ಕೂಸಿಗೆ ಕುಡಸು. ನನ್ನ ಮಾತು ನಂಬಬ್ಯಾಡ, ಕಂಬದ ಕುಣಿಯಾಗಿನ ನೀರು ಮೂಸಿ ನೋಡಿ ಬಾ, ಹೋಗು."

ಹುಡುಗ ಲೇಔಟಿನ ಕಡೆ ತಿರುಗಿ ನೋಡಿದ. ಮಾತಾಡಿದ್ದು ಅವನ ಹೆಂಡತಿ. "ನಾತ ಹೊಡಿತೈತಿ ಅಂತ ನಾ ಅಲ್ಲೇ ಹೇಳಿದ್ನೆಲ್ರೀ. ಕೋಳಿ ಫಾರಮ್ಮಿಂದು ಅಂದ್ರ ಆ ಯಜಮಾನ್ರು, ನೀವು ಹೂಂ ಅಂದ್ರಿ." ಆಕೆ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಬೈಕು ಹತ್ತಿದಳು. ಹುಡುಗ ಗಾಡಿ ಚಾಲೂ ಮಾಡಿ, ಇಂಡಿ ತಾಲೂಕಿನಲ್ಲಿ ಯಾವ ಊರು ಅಕ್ಕಾರ ಎಂದು ಮೆಲ್ಲಗೆ ಕೇಳಿದ. ಹೇಳಿದೆ. ತಲೆಯಾಡಿಸಿ ಹೊರಟುಹೋದ. ಪುಟ್ಟಸ್ವಾಮಣ್ಣ ಫೋನು ಹಿಡಿದು ಹೊರಬಂದಾಗ ರಸ್ತೆಯಲ್ಲಿ ಧೂಳು ಮಾತ್ರ ಇತ್ತು. ಅವರು ನನ್ನನ್ನೊಮ್ಮೆ ನೋಡಿದರು, ಒಳಗೆ ಹೋದರು.

ಅಂದು ಬಟ್ಟಲು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಬಾರದಿದ್ದರೆ ಹೋಗಲಿ, ಈ ಜನರ ಸಾರಿಗೆ ಯಾರು ಕಾದಿದ್ದಾರೆ ಎಂದುಕೊಂಡೆ. ಎಂದುಕೊಂಡವಳು ಮೂರನೆಯ ದಿನ ನಾನಾಗಿಯೇ ಕೆಳಗಿಳಿದು ಹಿಂದಿನ ಶೆಡ್ಡಿಗೆ ಹೋದೆ. ಜಯಮ್ಮ ಒಬ್ಬರೇ ತಟ್ಟೆಗಳಿಗೆ ಸೊಪ್ಪು ಉದುರಿಸುತ್ತಿದ್ದರು. ಶೆಡ್ಡಿನ ತುಂಬ ಹುಳು ಸೊಪ್ಪು ಮೇಯುವ ಸದ್ದು. ನಾನು ಅಲ್ಲಿ ನಿಂತೇ ಇದ್ದೆ. ಮಾಡಿದ್ದು ಸರಿ ಎಂದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ. ಇನ್ನೊಬ್ಬ ಗಿರಾಕಿ ಬಂದರೂ ಇಳಿದು ಹೋಗಿ ಹೇಳುತ್ತೇನೆ.

ಅವರು ಕೆಲಸ ನಿಲ್ಲಿಸದೆ ಕೇಳಿದರು. "ಅವ್ರು ನಿಂಗೆ ಏನಾಗ್ಬೇಕು?"

ಏನೂ ಆಗಬೇಕಿಲ್ಲ, ಅವತ್ತೇ ಮೊದಲು ನೋಡಿದ್ದು ಎಂದೆ.

ಜಯಮ್ಮ ಕೊನೆಯ ತಟ್ಟೆಗೆ ಸೊಪ್ಪು ಹಾಕಿ, ಕೈ ಒರೆಸಿಕೊಂಡು, ನನ್ನ ಮುಖ ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ.

"ನಿನ್ನ ನಮ್ಮೋಳು ಅಂದ್ಕೊಂಡಿದ್ದೆ ಕಣವ್ವ" ಅಂದರು.

ಮೇಲೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಈ ಊರಿನವರ ಬಾಯಿಂದ ಆ ಮಾತು ಕೇಳಬೇಕೆಂದು ನನ್ನೊಳಗೆ ಅಷ್ಟೊಂದು ಆಸೆಯಿತ್ತು ಎಂದು ನನಗೇ ಗೊತ್ತಿರಲಿಲ್ಲ. ಮನೆ ಖಾಲಿ ಮಾಡು ಎಂದು ಅವರು ಇವತ್ತಿನವರೆಗೂ ಹೇಳಿಲ್ಲ. ನಾನೂ ಬೇರೆ ಮನೆ ಹುಡುಕಿಲ್ಲ.