ಕಾಲರ್ ಹಿಂದಿನ ಮೂರು ಚುಕ್ಕಿ

ನಮ್ಮ ಲಾಂಡ್ರಿಯ ಅಜ್ಜನಿಗೆ ಓದು ಬರಹ ಬಾರದು. ಊರಿನ ಇನ್ನೂರು ಮನೆಗಳ ಗುರುತು ಮಾತ್ರ ಬಾಯಿಪಾಠ. ಬಂದ ಬಟ್ಟೆಯ ಕಾಲರ್ ಒಳಗೆ ಅಳಿಸದ ಮಸಿಯಲ್ಲಿ ಚುಕ್ಕಿ, ಗೆರೆ ಇಡುತ್ತಾನೆ. ಇದು ಮೇಷ್ಟ್ರದ್ದು, ಅದು ಬೇಕರಿಯವರದ್ದು. ಪುಸ್ತಕ ಗಿಸ್ತಕ ಇಲ್ಲ. ನಲವತ್ತು ವರ್ಷದಲ್ಲಿ ಒಂದು ಕರವಸ್ತ್ರವೂ ಅದಲುಬದಲಾಗಿರಲಿಲ್ಲವಂತೆ, ಇಸ್ತ್ರಿಗೆ ನಾನು ಸೇರುವವರೆಗೆ.

ಮೂರು ವರ್ಷದಲ್ಲಿ ನಾನು ಕಲಿತದ್ದು ಒಂದೇ ಗುರುತು, ನಮ್ಮ ಮನೆಯದು: ಗೆರೆಯ ಕೆಳಗೆ ಮೂರು ಚುಕ್ಕಿ. ಅಜ್ಜ ಜ್ವರದಲ್ಲಿ ಮಲಗಿದ ವಾರ ಬಂದ ಬಟ್ಟೆಗೆಲ್ಲ ಅದನ್ನೇ ಜಡಿದೆ. “ಕತ್ತೆಗೆ ಬಟ್ಟೆ ಹೊರೋದಾದ್ರೂ ಬರುತ್ತೆ ಕಣೋ” ಎಂದು ಅಜ್ಜ ಹಣೆ ಚಚ್ಚಿಕೊಂಡಿದ್ದ.

ಗುಡ್ಡದ ಬಂಡುಕೋರರನ್ನು ಮುಗಿಸಲು ಸೇನೆ ಬಂದು ಆರು ತಿಂಗಳಾಗಿತ್ತು. ಫಿರಂಗಿಗಳು ಗುಡ್ಡದ ಕಡೆ ಬಾಯಿ ತೆರೆದು ನಿಂತಿದ್ದವು. ಗುಡ್ಡದವರು ಮಾತ್ರ ಇಸ್ತ್ರಿ ಅಂಗಿ ತೊಟ್ಟು ನಮ್ಮ ಜೊತೆಗೇ ಬ್ರೆಡ್ಡಿನ ಸಾಲಿನಲ್ಲಿ ನಿಲ್ಲುತ್ತಾರೆಂಬುದು ಎಲ್ಲರ ಗುಮಾನಿ.

ಒಂದು ಬೆಳಿಗ್ಗೆ ಸೇನೆಯ ಅಧಿಕಾರಿ ಗುಡ್ಡದ ಗುಹೆಯಲ್ಲಿ ಸಿಕ್ಕ ನೀಲಿ ಅಂಗಿಯೊಂದನ್ನು ನಮ್ಮ ಅಂಗಡಿಗೆ ತಂದು ಕಾಲರ್ ಮಗುಚಿದ. ಗೆರೆ, ಮೂರು ಚುಕ್ಕಿ. ನನ್ನ ಕೈಯ ಇಸ್ತ್ರಿಪೆಟ್ಟಿಗೆ ನಿಂತಲ್ಲೇ ನಿಂತು ಯಾರದೋ ಅಂಗಿಯ ತೋಳು ಸುಟ್ಟಿತು. ಅಂಥ ಅಂಗಿ ನನ್ನ ಅಣ್ಣನಿಗೂ ಇತ್ತು. ಊರಲ್ಲಿ ಅರ್ಧ ಜನಕ್ಕೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

“ಯಾರದ್ದು?”

“ಕಣ್ಣು ಮಂಜು, ಸಾಹೇಬ್ರೆ” ಎಂದ ಅಜ್ಜ.

“ಸಂಜೆಯೊಳಗೆ ಹೇಳ್ಲಿಲ್ಲ ಅಂದ್ರೆ ನೀನೇ ಲಾರಿ ಹತ್ತು.”

ಆ ಲಾರಿ ಹತ್ತಿದವರು ಯಾರೂ ವಾಪಸು ಬಂದಿರಲಿಲ್ಲ. ಅಜ್ಜ ತಲೆ ಕೆರೆದುಕೊಂಡ. “ಈ ಗುರುತು ಊರಲ್ಲಿ ಇನ್ಯಾರ ಕಾಲರ್‌ನಲ್ಲಿದೆ ಅಂತ ನೋಡಿಸಿ. ಅಷ್ಟೊಂದು ಜನ ಇಟ್ಕೊಂಡು ಒಬ್ಬ ಮುದುಕನ ಕಣ್ಣು ನಂಬ್ತೀರಾ?”

ಇಡೀ ಪಡೆ ಅಂದು ಊರಿನವರ ಕುತ್ತಿಗೆ ಬಗ್ಗಿಸಿ ಕಾಲರ್ ನೋಡಿತು. ಸಂಜೆಗೆ ಅರವತ್ತೇಳು ಅಂಗಿ! ಮೇಷ್ಟ್ರದ್ದು, ಬೇಕರಿಯವರದ್ದು, ಡಾಕ್ಟರದ್ದು.

“ತಮ್ಮದೂ ನಾನು ಜ್ವರದಲ್ಲಿ ಮಲಗಿದ್ದ ವಾರ ಬಂದಿತ್ತು” ಎಂದ ಅಜ್ಜ, ಮೆತ್ತಗೆ.

ಅಧಿಕಾರಿ ಸಮವಸ್ತ್ರ ಬಿಚ್ಚಿ ನೋಡಿದ. ಮೂರು ಚುಕ್ಕಿ. ಎಲ್ಲರೂ ನನ್ನ ಕಡೆ ತಿರುಗಿದರು.

“ನಂಗೆ ಅದೊಂದೇ ಬರ್ತಿತ್ತು ಸಾರ್. ಎಲ್ಲಕ್ಕೂ ಹಾಕ್ಬಿಟ್ಟೆ.”

“ನಾಲ್ಕು ಸಾವಿರ ಜನ ಕರ್ಕೊಂಡು ಬಂದಿದೀನಿ. ಯಾರ ಮೇಲೆ ಬಿಡ್ಲಿ?” ಅವನು ಕೇಳಿದ್ದು ನನ್ನನ್ನಲ್ಲ, ಗೋಡೆಯನ್ನು. ಪುರಾವೆಯಾಗಿದ್ದದ್ದು ಈಗ ಬರೀ ಬಟ್ಟೆ. ನೀಲಿ ಅಂಗಿಯನ್ನು ಮೇಜಿಗೆಸೆದು ಹೋದ.

ನನ್ನ ದಡ್ಡತನ ಅಜ್ಜನ ಜೀವ ಉಳಿಸಿತೆಂದು ಎದೆ ಉಬ್ಬಿತು. ಆ ನೀಲಿ ಅಂಗಿ ಮಡಚುವಾಗ ಇಳಿಯಿತು. ನಾನಿಟ್ಟ ಚುಕ್ಕಿಗಳು ಕುಡಿದವರಂತೆ ವಾಲಾಡುತ್ತವೆ. ಇವು ನೆಟ್ಟಗಿದ್ದವು. ಅಜ್ಜನ ಕೈಯವು.

ಅಜ್ಜ ಅದನ್ನು ಕಿತ್ತುಕೊಂಡು ಒಲೆಗೆ ತುರುಕಿದ. “ಮನೇಲಿ ಏನೂ ಕೇಳ್ಬೇಡ.”

ಕೇಳದಿರುವಷ್ಟು ಬುದ್ಧಿ ನನಗೆಲ್ಲಿ? ಊಟಕ್ಕೆ ಕೂತಾಗ ಬಾಯಿ ಜಾರಿತು. “ಅಣ್ಣಾ, ನಿನ್ನ ನೀಲಿ ಅಂಗಿ ಎಲ್ಲಿ?”

ಅಣ್ಣ ತಲೆ ಎತ್ತಲಿಲ್ಲ. “ಲಾಂಡ್ರಿಗೆ ಕೊಟ್ಟಿದ್ದೆನಲ್ಲ. ನಿಮ್ಮಂಗಡೀಲೇ ಕೇಳು.”

ಅಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು, ನನ್ನ ಮುಖ ನೋಡದೆ.